ಆಟಿಯಲ್ಲಿ ಬಿಚ್ಚಿದ ಡೀಸೆಲ್ ಪಂಪ್

ನಮ್ಮ ಚಿಕ್ಕಪ್ಪನದು ಉಡುಪಿಯಲ್ಲಿ ಅಡುಗೆ ಗುತ್ತಿಗೆ. ಮದುವೆ, ಉಪನಯನ, ಗೃಹಪ್ರವೇಶ, ಬ್ರಹ್ಮಕಲಶ, ಎಲ್ಲಿ ಊಟ ಇದ್ದರೂ ಕಡಾಯಿ, ಕೊಪ್ಪರಿಗೆ, ಅಕ್ಕಿ, ತೆಂಗಿನಕಾಯಿ, ಬಾಳೆಎಲೆ ಹೊತ್ತುಕೊಂಡು ಹೋಗುವುದು ಒಂದು ಹಳೇ ಡೀಸೆಲ್ ವ್ಯಾನ್. ಓಡಿಸುವವನು ನಾನು. ವ್ಯಾನಿಗೆ ಇಪ್ಪತ್ತು ವರ್ಷ ದಾಟಿದೆ. ಮುಂದಿನ ಎರಡು ಸೀಟಿನ ನಡುವೆಯೇ ಎಂಜಿನ್ ಇರುವ ಮಾದರಿ. ಎಂಜಿನ್ ನೋಡಬೇಕಾದರೆ ಕೆಳಗೆ ಇಳಿಯಬೇಕಾಗಿಲ್ಲ, ಪಕ್ಕದ ಮುಚ್ಚಳ ಎತ್ತಿದರೆ ಆಯಿತು. ಅದರ ಬಿಸಿ, ಸದ್ದು, ವಾಸನೆ ಎಲ್ಲವೂ ನೇರ ನಮಗೇ.

ಹೋದ ಮದುವೆ ಸೀಸನ್ನಿನ ಕೊನೆಗೆ ಡೀಸೆಲ್ ವಾಸನೆ ಶುರುವಾಯಿತು. ಮೊದಲು ಬಂಕಿನಲ್ಲಿ ಚೆಲ್ಲಿದ್ದಿರಬೇಕು ಅಂತ ಎಲ್ಲರೂ ಸುಮ್ಮನಿದ್ದೆವು. ಆಮೇಲೆ ನಿಲ್ಲಿಸಿದ ಕಡೆಯೆಲ್ಲ ನೆಲದಲ್ಲಿ ಕಪ್ಪು ಕಲೆ ಕಾಣತೊಡಗಿತು. ಚಿಕ್ಕಪ್ಪನ ಮೂಗು ಅಡುಗೆಯವರ ಮೂಗು, ಅದಕ್ಕೆ ಮೋಸ ಮಾಡುವುದು ಕಷ್ಟ. ಒಂದು ದಿನ ವ್ಯಾನಿನ ಹಿಂದಿನ ಬಾಗಿಲು ತೆಗೆದವರೇ, "ಎಂತ ಮಾರಾಯ, ಕೊತ್ತಂಬರಿ ಸೊಪ್ಪಿಗೆ ಈ ವಾಸನೆ ಹಿಡಿದ್ರೆ ನನ್ನ ಸಾರು ಯಾರು ಬಡಿಸಿಕೊಳ್ತಾರೆ?" ಅಂದರು. ಮಾತು ಸರಿಯೇ. ಅಕ್ಕಿ ಮೂಟೆ ಪಕ್ಕದ ವಾಸನೆಯನ್ನು ಬಹಳ ಬೇಗ ಎಳೆದುಕೊಳ್ಳುತ್ತದೆ.

ವಾಸನೆಯ ಜೊತೆಗೆ ಇನ್ನೊಂದು ಕಿರಿಕಿರಿ. ಬೆಳಿಗ್ಗೆ ಸ್ಟಾರ್ಟ್ ಆಗಲು ತಡ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸುಸ್ತಾಗುವ ಹೊತ್ತಿಗೆ ಒಂದು ಸಲ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಆಮೇಲೆ ಹಿಡಿದುಕೊಳ್ಳುವುದು. ಒಮ್ಮೆ ಸ್ಟಾರ್ಟ್ ಆದರೆ ಇಡೀ ದಿನ ಏನೂ ತೊಂದರೆ ಇಲ್ಲ. ಈ ಎರಡೂ ಒಂದೇ ಕಾಯಿಲೆ ಅಂತ ಗೊತ್ತಾದದ್ದು ಆಮೇಲೆ.

ಸಲಹೆಗಳಿಗೇನು ಬರ ಇರಲಿಲ್ಲ. ಕಲ್ಯಾಣ ಮಂಟಪದ ಹಿಂದೆ ನಿಲ್ಲುವ ಶಾಮಿಯಾನದ ಟೆಂಪೋ ಡ್ರೈವರುಗಳು, "ಹಳೇ ಗಾಡಿ, ಸ್ವಲ್ಪ ಲೀಕ್ ಇರ್ತದೆ ಬಿಡಿ" ಅಂದರು. ಇನ್ನೊಬ್ಬರು, "ಪಂಪ್ ಹೋಯ್ತು, ರಿಪೇರಿ ಎಲ್ಲ ಮಾಡ್ಲಿಕ್ಕೆ ಹೋಗಬೇಡಿ, ಬೇರೆಯೇ ಹಾಕಿ" ಅಂದರು. ಎಲ್ಲರ ಬಾಯಲ್ಲೂ ಪಂಪ್. ಪಂಪಿನ ಎಲ್ಲಿಂದ ಅಂತ ಕೇಳಿದವರು ಯಾರೂ ಇಲ್ಲ. ನನಗೆ ಇದೇ ಸಿಟ್ಟು. ಡೀಸೆಲ್ ಪಂಪ್ ಅಂದರೆ ಎಂಜಿನ್ನಿನ ಸಿಲಿಂಡರುಗಳಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್, ಅದು ಒಂದೇ ಕಬ್ಬಿಣದ ತುಂಡಲ್ಲವಲ್ಲ. ಪೈಪಿನ ಜಾಯಿಂಟಿನ ತಾಮ್ರದ ವಾಷರ್ ಸೋರಬಹುದು. ಮೇಲಿನ ಮುಚ್ಚಳದ ಪ್ಯಾಕಿಂಗ್ ಸೋರಬಹುದು. ಎಕ್ಸಿಲೇಟರ್ ಕೇಬಲ್ ಎಳೆಯುವ ಲಿವರಿನ ಶಾಫ್ಟ್, ಮುಂದಿನ ಡ್ರೈವ್ ಶಾಫ್ಟಿನ ಸೀಲ್, ಹಿಂದೆ ನಾಲ್ಕು ಪೈಪ್ ಹೊರಡುವ ಹೆಡ್ಡಿನ ದೊಡ್ಡ ರಿಂಗ್, ಯಾವುದೂ ಆಗಬಹುದು. ಒಂದಕ್ಕೆ ಅರ್ಧ ಗಂಟೆಯ ಕೆಲಸ. ಇನ್ನೊಂದಕ್ಕೆ ಪಂಪ್ ಇಳಿಸಿ ಬೆಂಚಿಗೆ, ಅಂದರೆ ಪಂಪ್ ಪರೀಕ್ಷಿಸುವ ಯಂತ್ರಕ್ಕೆ, ಹಾಕಬೇಕು. ಎರಡಕ್ಕೂ ಒಂದೇ ಮದ್ದು ಹೇಳಿದರೆ ಹೇಗೆ?

ಆಟಿ ಬಂತು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು. ಆಟಿಯಲ್ಲಿ ನಮ್ಮ ಕಡೆ ಮದುವೆ ಮುಂಜಿ ಇಲ್ಲ. ವ್ಯಾನ್ ಅಂಗಳದಲ್ಲೇ. ರಿಪೇರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಿಕ್ಕಿಲ್ಲ ಅಂದುಕೊಂಡು ಮಲ್ಪೆ ರಸ್ತೆಯ ಒಂದು ಪಂಪ್ ಅಂಗಡಿಗೆ ಹೋದೆ. ಒಳಗೆ ಕಾಲಿಡಲು ಜಾಗ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ವಾ, ಟ್ರಾಲ್ ಬೋಟು, ಪರ್ಸಿನ್ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಹಾಕಿರುತ್ತವೆ. ಅವುಗಳ ಎಂಜಿನ್ ಕೆಲಸ ಆಗುವುದು ಆಗಲೇ. ಮೇಜಿನ ಮೇಲೆ, ಮೇಜಿನ ಕೆಳಗೆ, ಬಾಗಿಲ ಮೂಲೆಯಲ್ಲಿ ಆರಾರು ಸಿಲಿಂಡರಿನ ಉದ್ದುದ್ದ ಇನ್‌ಲೈನ್ ಪಂಪುಗಳು, ಅಂದರೆ ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಒತ್ತುವ ದಂಡ ಸಾಲಾಗಿರುವಂಥವು. ಒಂದೊಂದಕ್ಕೂ ಬಟ್ಟೆಯ ಚೂರು ಕಟ್ಟಿ ಬೋಟಿನ ಹೆಸರು ಬರೆದಿದ್ದರು. ಹೆಚ್ಚಿನವು ದೇವರ ಹೆಸರುಗಳೇ.

ಅಂಗಡಿಯವರು ತಲೆ ಎತ್ತದೆ ಹೇಳಿದರು: "ಆಗಸ್ಟ್ ಒಂದಕ್ಕೆ ಬೋಟು ನೀರಿಗಿಳಿಯಬೇಕು. ನಿಮ್ಮದು ಆಮೇಲೆ." ಆದರೆ ಒಂದು ಉಪಕಾರ ಮಾಡಿದರು. "ನಿಮ್ಮದು ರೋಟರಿ ಪಂಪಾ? ಹಾಗಾದ್ರೆ ಮೊದಲು ಎಲ್ಲಿ ಸೋರ್ತದೆ ನೋಡಿ. ಮೇಲಿನದ್ದಾದ್ರೆ ಗಾಡಿಯಲ್ಲೇ ಆಗ್ತದೆ" ಅಂತ ಒಂದು ಸೀಲ್ ಕಿಟ್ ಕೊಟ್ಟರು. ರೋಟರಿ ಅಂದರೆ ಒಂದೇ ದಂಡ ತಿರುಗುತ್ತ ಎಲ್ಲ ಸಿಲಿಂಡರಿಗೂ ಡೀಸೆಲ್ ಹಂಚುವ ಪಂಪ್. ಕೊನೆಗೂ 'ಎಲ್ಲಿ' ಅಂತ ಕೇಳುವ ಒಬ್ಬರು ಸಿಕ್ಕಿದರು.

ಮರುದಿನ ಕುಂಜಿಬೆಟ್ಟಿನ ಕಡೆಯಿಂದ ಮೇಸ್ತ್ರಿ ಬಂದರು. ವಯಸ್ಸಾದವರು, ಗ್ಯಾರೇಜು ಮಗನಿಗೆ ಬಿಟ್ಟುಕೊಟ್ಟಿದ್ದಾರೆ. ಯಾವ ಡೀಸೆಲ್ ಪಂಪನ್ನು ನೋಡಿದರೂ ಅವರಿಗೆ ಅದು ಮೈಕೋ ಪಂಪೇ. ಬೆಂಗಳೂರಿನ ಆ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿಕೊಂಡದ್ದು ಅವರ ಲೆಕ್ಕಕ್ಕೆ ಬಂದಿಲ್ಲ.

ಬಂದವರು ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಕೇಳಿದ್ದು ಸೀಮೆಎಣ್ಣೆ ಮತ್ತು ಬ್ರಷ್. ಪಂಪನ್ನು ಸುತ್ತಲೂ ತೊಳೆದರು, ಬನಿಯನ್ ಬಟ್ಟೆಯಲ್ಲಿ ಒರೆಸಿದರು, ಸೈಕಲ್ ಪಂಪಿನಿಂದ ಸಂದುಗಳಿಗೆ ಗಾಳಿ ಹೊಡೆದರು. ಆಮೇಲೆ, "ಪೌಡರ್ ಉಂಟಾ?" ಅಂದರು. ಚಿಕ್ಕಮ್ಮ ಒಳಗಿನಿಂದ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತಂದರು. ಇದು ಎಂಜಿನ್ನಿಗೆ ಅಂತ ಗೊತ್ತಾದ ಮೇಲೂ ಕೊಟ್ಟರು, ದೊಡ್ಡ ಮನಸ್ಸು. ಪಂಪಿನ ಮೈಗೆಲ್ಲ ಪೌಡರ್ ಉದುರಿಸಿ ಎಂಜಿನ್ ಸ್ಟಾರ್ಟ್ ಮಾಡಿಸಿದರು.

ಡೀಸೆಲ್ ಸೇರುತ್ತಿದ್ದದ್ದು ಹೆಡ್ಡಿನ ಕೆಳಗೆ. ಹಾಗಾಗಿ ಹೆಡ್ಡಿನ ರಿಂಗೇ ಇರಬೇಕು ಅಂತ ನನ್ನ ಅಂದಾಜು. ಟಾರ್ಚ್ ಹಿಡಿದು ಅಲ್ಲೇ ನೋಡುತ್ತಿದ್ದೆ. ಪೌಡರ್ ಒಣಗಿಯೇ ಇತ್ತು. ಮೇಸ್ತ್ರಿ ಟಾರ್ಚನ್ನು ಮೇಲಕ್ಕೆ ಎತ್ತಿಸಿದರು. ಲಿವರಿನ ಶಾಫ್ಟ್ ಮುಚ್ಚಳದಿಂದ ಹೊರಗೆ ಬರುವ ಜಾಗದಲ್ಲಿ ಬಿಳಿ ಪೌಡರ್ ಮೆಲ್ಲಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಒದ್ದೆ ಗೆರೆ ಅಲ್ಲಿಂದ ಹೊರಟು, ಮುಚ್ಚಳದ ಅಂಚಿನಲ್ಲಿ ಹಿಂದಕ್ಕೆ ಹರಿದು, ಹೆಡ್ಡಿನ ಹಿಂಬದಿಯಿಂದ ಕೆಳಗಿಳಿಯುತ್ತಿತ್ತು. ಅವರು ಎರಡು ಬೆರಳಲ್ಲಿ ಲಿವರ್ ಹಿಡಿದು ಅಡ್ಡಕ್ಕೆ ಸ್ವಲ್ಪ ಅಲುಗಾಡಿಸಿದರು. ಶಾಫ್ಟಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಡೀಸೆಲ್ ಹನಿ ಉಬ್ಬಿ ಬಂತು. ಬಿಟ್ಟರೆ ನಿಂತಿತು. ಮತ್ತೆ ಅಲುಗಾಡಿಸಿದರೆ ಮತ್ತೆ ಬಂತು. "ತೂಲೆ" ಅಂದರು, ತುಳುವಿನಲ್ಲಿ 'ನೋಡಿ' ಅಂತ. ಬೇರೆ ವಿವರಣೆ ಬೇಕಾಗಲಿಲ್ಲ.

ಬೆಳಗಿನ ಸ್ಟಾರ್ಟಿಂಗ್ ತೊಂದರೆಗೂ ಅದೇ ಕಾರಣ ಅಂದರು. ಈ ಜಾತಿಯ ರೋಟರಿ ಪಂಪಿನ ಹೊಟ್ಟೆಯಲ್ಲಿ ಯಾವಾಗಲೂ ಡೀಸೆಲ್ ತುಂಬಿರುತ್ತದೆ. ಒಳಗೇ ಇರುವ ಸಣ್ಣದೊಂದು ಪಂಪ್ ಅದನ್ನು ಒತ್ತಡದಲ್ಲಿ ಇಡುತ್ತದೆ, ರೇಸ್ ಕೊಟ್ಟಷ್ಟೂ ಒತ್ತಡ ಏರುತ್ತದೆ. ಹಾಗಾಗಿ ಎಂಜಿನ್ ಓಡುವಾಗ ಡೀಸೆಲ್ ಹೊರಗೆ. ಆಫ್ ಮಾಡಿದ ಮೇಲೆ ಉಲ್ಟಾ. ಟ್ಯಾಂಕ್ ಕೆಳಗಿದೆ, ಪೈಪಿನ ಡೀಸೆಲ್ ಮೆಲ್ಲಗೆ ವಾಪಸ್ ಜಾರುತ್ತದೆ, ಅದೇ ಸಂದಿನಿಂದ ಗಾಳಿ ಒಳಗೆ ಹೋಗುತ್ತದೆ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಸಿಗುವುದು ಗಾಳಿ.

ಲಿವರಿನ ಶಾಫ್ಟಿನ ಸುತ್ತ ಡೀಸೆಲ್ ತಡೆಯುವ ರಬ್ಬರ್ ರಿಂಗ್ ಯಾಕೆ ಹೋಯಿತು ಅಂದರೆ ಮೇಸ್ತ್ರಿಯ ಉತ್ತರ, "ಈಗಿನ ಡೀಸೆಲ್ ಡ್ರೈ ಮಾರಾಯ್ರೆ." ಇಂಥ ಗ್ಯಾರೇಜ್ ಮಾತನ್ನು ನಾನು ಅರ್ಧ ಮಾತ್ರ ನಂಬುವುದು. ಆದರೆ ಇದರಲ್ಲಿ ಹುರುಳಿದೆ. ಬಿಎಸ್ ಅಂದರೆ ಭಾರತ್ ಸ್ಟೇಜ್, ವಾಹನಗಳ ಹೊಗೆ ಮತ್ತು ಇಂಧನದ ಸರ್ಕಾರಿ ಮಾನದಂಡ. ಬಿಎಸ್-3 ಕಾಲದಲ್ಲಿ ಡೀಸೆಲ್‌ನಲ್ಲಿ ಹತ್ತು ಲಕ್ಷಕ್ಕೆ 350 ಭಾಗದವರೆಗೆ ಗಂಧಕ ಇರಬಹುದಿತ್ತು. ಬಿಎಸ್-4ರಲ್ಲಿ ಅದು 50ಕ್ಕೆ ಇಳಿಯಿತು. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಿಎಸ್-6, ಅದರಲ್ಲಿ ಬರೀ 10. ನಾವು ಉಸಿರಾಡುವ ಗಾಳಿಗೆ ಇದು ಒಳ್ಳೆಯದೇ. ಆದರೆ ಗಂಧಕ ತೆಗೆಯುವಾಗ ಹಳೇ ನೈಟ್ರೈಲ್ ರಬ್ಬರನ್ನು ಉಬ್ಬಿಸಿ ಇಡುತ್ತಿದ್ದ ಕೆಲವು ಅಂಶಗಳೂ ಕಡಿಮೆಯಾಗುತ್ತವೆ. ವರ್ಷಗಟ್ಟಲೆ ಹಳೇ ಡೀಸೆಲ್‌ನಲ್ಲಿ ನೆಂದು ಉಬ್ಬಿದ ರಿಂಗು ಹೊಸ ಡೀಸೆಲ್‌ನಲ್ಲಿ ಕುಗ್ಗಿ ಗಟ್ಟಿಯಾಗುತ್ತದೆ. ಅದಕ್ಕೇ ಈಗ ಕಿಟ್‌ನಲ್ಲಿ ವೈಟಾನ್ ಅನ್ನುವ ಬೇರೆ ಜಾತಿಯ ರಬ್ಬರಿನ ರಿಂಗ್ ಬರುತ್ತದೆ, ಅದಕ್ಕೆ ಈ ವ್ಯತ್ಯಾಸ ತಾಗುವುದಿಲ್ಲ.

ಪಂಪ್ ಇಳಿಸುವ ಮಾತೇ ಬರಲಿಲ್ಲ. ಇಳಿಸಿದರೆ ಟೈಮಿಂಗ್, ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುವ ಸರಿಯಾದ ಹೊತ್ತು, ಮತ್ತೆ ಕೂರಿಸಬೇಕು, ಅದಕ್ಕೆ ಡಯಲ್ ಗೇಜ್ ಅನ್ನುವ ಸೂಕ್ಷ್ಮ ಅಳತೆಯ ಉಪಕರಣ ಬೇಕು. ಮೇಲಿನ ಮುಚ್ಚಳ ಮಾತ್ರ ತೆಗೆದರೆ ಟೈಮಿಂಗ್ ಇದ್ದ ಹಾಗೇ ಇರುತ್ತದೆ. ಮೊದಲು ಬ್ಯಾಟರಿ ವಯರ್ ಬಿಚ್ಚಿದರು. ಎಕ್ಸಿಲೇಟರ್ ಕೇಬಲ್ ಕಳಚಿದರು. ಗೀರುವ ಮೊಳೆಯಿಂದ ಲಿವರಿನ ಮೇಲೂ ಶಾಫ್ಟಿನ ತುದಿಯ ಮೇಲೂ ಸೇರುವಂತೆ ಒಂದು ಗೀಟು ಎಳೆದರು. ಶಾಫ್ಟಿಗೆ ಸಣ್ಣ ಸಣ್ಣ ಹಲ್ಲುಗಳಿವೆ. ಲಿವರ್ ಒಂದು ಹಲ್ಲು ಆಚೀಚೆ ಕೂತರೂ ಐಡಲಿಂಗ್ ಹಾಳು. "ಫೋಟೋ ತೆಗೀರಿ" ಅಂತ ನನಗೂ ಹೇಳಿದರು. ಹಳಬರು ಮೊಬೈಲನ್ನು ಹೀಗೆ ಬಳಸುವುದು ನನಗೆ ಖುಷಿ.

ಮುಚ್ಚಳದ ಹಿಂದೆ ಸೀಲ್ ಹಾಕಿದ ಒಂದು ಸ್ಕ್ರೂ ಇದೆ. ಎಂಜಿನ್ನಿಗೆ ಗರಿಷ್ಠ ಎಷ್ಟು ಡೀಸೆಲ್ ಹೋಗಬೇಕು ಅಂತ ತೀರ್ಮಾನಿಸುವುದು ಅದು. ಘಾಟಿ ಹತ್ತುವಾಗ ಎಳೆತ ಸಾಲದು ಅಂತ ಕೆಲವರು ಅದನ್ನು ತಿರುಗಿಸಿ ಕಪ್ಪು ಹೊಗೆ ಉಗುಳಿಸಿಕೊಂಡು ಹೋಗುತ್ತಾರೆ. ಮೇಸ್ತ್ರಿ ಆ ಕಡೆ ಬೆರಳೂ ತಾಗಿಸಲಿಲ್ಲ. ಹೆಚ್ಚಾದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ಪೈಪಿನ ಬೋಲ್ಟನ್ನು ಬೇರೆಯೇ ಲೋಟದಲ್ಲಿ ಹಾಕಿಟ್ಟರು. ಅದರ ತಲೆಯ ಮೇಲೆ 'ಔಟ್' ಅಂತ ಇಂಗ್ಲಿಷಿನಲ್ಲಿ ಕೆತ್ತಿರುತ್ತದೆ, ಒಳಗೆ ಕೂದಲೆಳೆಯ ತೂತು. ಡೀಸೆಲ್ ಬರುವ ಕಡೆಯ ಬೋಲ್ಟ್ ನೋಡಲು ಅದೇ ತರ, ಆದರೆ ತೂತು ದೊಡ್ಡದು. ಎರಡೂ ಅದಲು ಬದಲಾದರೆ ಎಂಜಿನ್ ಸರಿಯಾಗಿ ಓಡುವುದೇ ಇಲ್ಲ, ಕಾರಣವೂ ಸುಲಭಕ್ಕೆ ಸಿಗುವುದಿಲ್ಲ.

ನಾಲ್ಕು ಅಲೆನ್ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತುವಾಗ ಅವಸರ ಮಾಡುವಂತಿಲ್ಲ. ಶಾಫ್ಟಿನ ಕೆಳತುದಿ ಗವರ್ನರಿನ, ಅಂದರೆ ಎಂಜಿನ್ ವೇಗ ಹಿಡಿತದಲ್ಲಿಡುವ ಭಾಗದ, ಸ್ಪ್ರಿಂಗಿಗೆ ಸಿಕ್ಕಿಕೊಂಡಿರುತ್ತದೆ. ಅರ್ಧ ಎತ್ತಿ, ಓರೆ ಮಾಡಿ, ಸಪುರ ಇಕ್ಕುಳದಿಂದ ಕೊಕ್ಕೆ ಕಳಚಬೇಕು. ಮಳೆ ಜೋರಾಗಿಯೇ ಇತ್ತು. ನಾವು ಶೀಟಿನ ಅಡಿಯಲ್ಲಿದ್ದರೂ ಇರಚಲು ಬಾರದಿರಲಿ ಅಂತ ನಾನು ಕೊಡೆ ಹಿಡಿದು ನಿಂತೆ. ಆ ಪಂಪಿನೊಳಗೆ ಒಂದು ತೊಟ್ಟು ನೀರು, ಒಂದು ಮರಳ ಕಣ ಬಿದ್ದರೂ ಕೆಲಸ ಕೆಟ್ಟ ಹಾಗೆಯೇ.

ಒಳಗೆ ತಿಳಿ ಹಳದಿ ಡೀಸೆಲ್ ತುಂಬಿತ್ತು. ಅದರಡಿಯಲ್ಲಿ ಗವರ್ನರಿನ ತೂಕದ ಗುಂಡುಗಳು ಹೊಸದರಂತೆ ಹೊಳೆಯುತ್ತಿದ್ದವು. ಮೇಸ್ತ್ರಿ ಮೊದಲ ಸಲ ನಕ್ಕರು. ನಮ್ಮ ಕರಾವಳಿಯ ತೇವಕ್ಕೆ ಟ್ಯಾಂಕಿನಲ್ಲಿ ನೀರು ಸೇರುವುದು ಸಾಮಾನ್ಯ. ಫಿಲ್ಟರಿನ ಅಡಿಯ ನೀರನ್ನು ಆಗಾಗ ಬಿಡದಿದ್ದರೆ ಅದು ಪಂಪಿಗೆ ಬಂದು ಒಳಗೆಲ್ಲ ಕಂದು ತುಕ್ಕು ಹಿಡಿಯುತ್ತದೆ. ಇನ್‌ಲೈನ್ ಪಂಪಿನ ಕೆಳಭಾಗಕ್ಕಾದರೆ ಎಂಜಿನ್ ಆಯಿಲ್ ಆಸರೆ ಇದೆ. ರೋಟರಿಗೆ ಡೀಸೆಲ್ಲೇ ಎಣ್ಣೆ, ಡೀಸೆಲ್ಲೇ ಆಹಾರ. ಹಿಂದೆ ಸೀಮೆಎಣ್ಣೆ ಬೆರೆಸಿ ಓಡಿಸುತ್ತಿದ್ದವರ ರೋಟರಿ ಪಂಪುಗಳು ಬೇಗ ಸವೆಯುತ್ತಿದ್ದದ್ದೂ ಅದಕ್ಕೇ. "ಒಳಗೆ ಕಂದು ಕಂಡಿದ್ರೆ ನಾನು ಮುಚ್ಚಿ ಮನೆಗೆ ಹೋಗ್ತಿದ್ದೆ" ಅಂದರು.

ಹಳೇ ರಿಂಗನ್ನು ಸೂಜಿಯಿಂದ ಎಬ್ಬಿಸಿದರೆ ಎರಡು ತುಂಡಾಗಿ ಬಂತು. ಉಗುರಲ್ಲಿ ಒತ್ತಿದೆ, ರಬ್ಬರಿನ ಗುಣವೇ ಇಲ್ಲ, ಪ್ಲಾಸ್ಟಿಕ್ಕಿನಷ್ಟು ಗಟ್ಟಿ. ಮುಚ್ಚಳದ ತೂತು ಸವೆದಿದೆಯಾ ಅಂತ ಶಾಫ್ಟ್ ಹಾಕಿ ಅಲುಗಾಡಿಸಿ ನೋಡಿದರು. ಸ್ವಲ್ಪ ಆಟ ಇತ್ತು. ಜಾಸ್ತಿ ಇದ್ದಿದ್ದರೆ ಬುಷ್ ಹೊಡೆಸಬೇಕಿತ್ತು, ಇಲ್ಲದಿದ್ದರೆ ಹೊಸ ರಿಂಗೂ ಬಹಳ ದಿನ ಬಾಳುವುದಿಲ್ಲ. ಇಷ್ಟಕ್ಕೆ ನಡೆಯುತ್ತದೆ ಅಂತ ತೀರ್ಮಾನಿಸಿದರು. ಹೊಸ ರಿಂಗಿಗೆ ಡೀಸೆಲ್ ಸವರಿ, ಶಾಫ್ಟಿನ ಹಲ್ಲು ತಾಗಿ ಗೀರದ ಹಾಗೆ ತುದಿಗೆ ಟೇಪ್ ಸುತ್ತಿ ಒಳಗೆ ತಳ್ಳಿದರು. ಮುಚ್ಚಳಕ್ಕೂ ಹೊಸ ಪ್ಯಾಕಿಂಗ್. ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿದರು. ಬೋಲ್ಟುಗಳಿಗೆ ಹೊಸ ತಾಮ್ರದ ವಾಷರ್ ಹಾಕಿದರು. ಕಿಟ್‌ನಲ್ಲಿ ಹೇಗೂ ಇತ್ತು.

ಉಳಿದದ್ದು ಗಾಳಿ ತೆಗೆಯುವ ಕೆಲಸ. ವಾಪಸ್ ಪೈಪಿನ ತೂತಿನಿಂದ ಸಿರಿಂಜಿನಲ್ಲಿ ಸೋಸಿದ ಡೀಸೆಲ್ ತುಂಬಿಸಿದರು, ಫಿಲ್ಟರಿನ ಮೇಲಿನ ಕೈಪಂಪನ್ನು ನಾನು ಒತ್ತಿದೆ. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳ ಪೈಪಿನ ನಟ್ ಸಡಿಲ ಮಾಡಿ ಸೆಲ್ಫ್ ಹೊಡೆಯುವಾಗ ನನ್ನನ್ನು ಹಿಂದಕ್ಕೆ ಸರಿಸಿದರು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಬೆರಳು ಅಡ್ಡ ಹಿಡಿದು ಪರೀಕ್ಷಿಸುವ ಚಟ ಕೆಲವರಿಗೆ ಇದೆ, ಖಂಡಿತ ಬೇಡ. ಗುಳ್ಳೆ ನಿಂತು ಬರೀ ಡೀಸೆಲ್ ಚಿಮ್ಮಿದ ಮೇಲೆ ಒಂದೊಂದೇ ನಟ್ ಬಿಗಿದರು. ಎಂಜಿನ್ ಎರಡು ಸಿಲಿಂಡರಿನಲ್ಲಿ ಕುಂಟಿ, ಮೂರಕ್ಕೆ ಬಂದು, ನಾಲ್ಕೂ ಹಿಡಿದುಕೊಂಡಿತು. ಅಂಗಳ ತುಂಬ ಬಿಳಿ ಹೊಗೆ. ಮತ್ತೆ ಪೌಡರ್ ಹಾಕಿ, ಲಿವರ್ ಅಲುಗಾಡಿಸಿ ನೋಡಿದೆವು. ಒಣಗಿಯೇ ಇತ್ತು.

ಸೋರಿದ ಡೀಸೆಲ್‌ಗೆ ಎಂಜಿನ್ ಮೌಂಟಿಂಗ್ ರಬ್ಬರ್ ಒಂದು ಕಡೆ ಮೆದುವಾಗಿತ್ತು, ಅದನ್ನೂ ಬದಲಿಸಿದೆವು. ಪೌಡರ್ ಡಬ್ಬಿ ಚಿಕ್ಕಮ್ಮ ವಾಪಸ್ ತೆಗೆದುಕೊಳ್ಳಲಿಲ್ಲ, ಈಗ ವ್ಯಾನಿನ ಟೂಲ್ ಡಬ್ಬದಲ್ಲಿದೆ. ಚಿಕ್ಕಪ್ಪ ವಾಸನೆ ಪೂರ್ತಿ ಹೋಗುವವರೆಗೆ ಅಕ್ಕಿ ಹಾಕುವುದಿಲ್ಲ ಅಂತ ಹಟ ಹಿಡಿದರು. ಹಿಂದಿನ ಮ್ಯಾಟ್ ತೆಗೆದು ಸಾಬೂನು ನೀರಲ್ಲಿ ಉಜ್ಜಿಸಿ, ಬಾಗಿಲು ತೆರೆದಿಟ್ಟ ಮೇಲೆಯೇ ಒಪ್ಪಿದ್ದು.

ಹೆಡ್ಡಿನ ರಿಂಗೂ, ಮುಂದಿನ ಸೀಲೂ ಅದೇ ವಯಸ್ಸಿನವು. ಇವತ್ತಲ್ಲ ನಾಳೆ ಅವೂ ಸೋರುತ್ತವೆ, ಆಗ ಪಂಪ್ ಇಳಿಸಲೇಬೇಕು. ಮಲ್ಪೆ ರಸ್ತೆಯ ಅಂಗಡಿಯವರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. "ಆಯ್ತು, ಬೆಂಚಿಗೆ ಹಾಕಿ ಎಲ್ಲ ಸೀಲ್ ಬದಲಿಸಿ ಕೊಡುವ. ಆದರೆ ಜೂನ್ ಜುಲೈಯಲ್ಲಿ ಮಾತ್ರ ತರಬೇಡಿ ಮಾರಾಯ್ರೆ" ಅಂದರು. ನಮಗೆ ಪುರುಸೊತ್ತು ಇರುವುದೇ ಆಗ.