ನಾಯಿಯ ಸಂಕೋಲೆಗೂ ಕಾನೂನು ಉಂಟು ಮಾರಾಯ್ರೇ

ಬದಿಯಡ್ಕ ಹತ್ರದ ನಮ್ಮ ಸಂಬಂಧಿಕರ ಮನೆಗೆ ಹೋದ್ರೆ ಮೊದ್ಲು ಕಾಣುವುದು ಹಟ್ಟಿ ಪಕ್ಕ ಕಟ್ಟಿಹಾಕಿದ ಕರಿ ನಾಯಿ, ಸಂಕೋಲೆ ಮೂರು ಮೊಳ ಉಂಟೋ ಇಲ್ವೋ, ಅದು ತಿರುಗಿ ತಿರುಗಿ ನೆಲದಲ್ಲಿ ಗುಂಡಗೆ ಹೊಂಡವೇ ಆಗಿದೆ, ಮಳೆಗಾಲದಲ್ಲಿ ಅದ್ರಲ್ಲೇ ನೀರು ನಿಲ್ತದೆ. ಕೇಳಿದ್ರೆ "ರಾತ್ರಿ ಬಿಡ್ತೇವಲ್ಲ" ಅಂತಾರೆ.

ವಿಷ್ಯ ಎಂತ ಅಂದ್ರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಇದೆಲ್ಲ ಬರೆದೇ ಉಂಟು, ತೀರಾ ಗಿಡ್ಡ ಅಥವಾ ಭಾರದ ಚೈನ್‌ನಲ್ಲಿ ಹೊತ್ತುಗಟ್ಲೆ ಕಟ್ಟುವ ಹಾಗಿಲ್ಲ, ಯಾವಾಗ್ಲೂ ಕಟ್ಟಿಹಾಕುವ ನಾಯಿಯನ್ನು ಓಡಾಡಿಸದಿದ್ರೂ ತಪ್ಪು, ಊಟ ನೀರು ನೆರಳು ಕೊಡದಿದ್ರೂ ತಪ್ಪು. ಉಪವಾಸ ಬೀಳುವ ಹಾಗೆ ಬಿಟ್ಟು ಬರುವುದೂ ಅಪರಾಧವೇ, ಬೆಕ್ಕಿನ ಮರಿಗಳನ್ನು ಗೋಣಿಯಲ್ಲಿ ಹಾಕಿ ಪೇಟೆಗೆ ಬಿಡುವವ್ರು ಸ್ವಲ್ಪ ಕೇಳಿ.

ದಂಡ ಎಷ್ಟು ಗೊತ್ತುಂಟಾ? ಮೊದಲ ಸಲಕ್ಕೆ 10ರಿಂದ 50 ರೂಪಾಯಿ! ಚಾ, ಗೋಳಿಬಜೆಗೂ ಸಾಕಾಗ್ಲಿಕ್ಕಿಲ್ಲ. ಕೊಂದ್ರೆ, ಊನ ಮಾಡಿದ್ರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 325ನೇ ಸೆಕ್ಷನ್‌ನಲ್ಲಿ 5 ವರ್ಷದವರೆಗೆ ಜೈಲು.

ಕಳೆದ ವಾರ ನಾನೇ ಹೋಗಿ ಎರಡು ತೆಂಗಿನ ಮರದ ನಡುವೆ ತಂತಿ ಎಳೆದು ಕೊಂಡಿ ಹಾಕಿ ಬಂದೆ, ಈಗ ಆಚೀಚೆ ಓಡ್ಬಹುದು. ಆದ್ರೆ ಆ ಪಾಪದ್ದು ಮೊದಲ ದಿನವಿಡೀ ಹಳೇ ಹೊಂಡದಷ್ಟೇ ಜಾಗದಲ್ಲಿ ಸುತ್ತು ಹಾಕ್ತಾ ಇತ್ತು.