ರಿಲೀವ್ ಆದವರ ಲಾಗಿನ್

ನಮ್ಮ ಕಾಲೇಜಿನ ಲ್ಯಾಬ್ ಬುಕಿಂಗ್ ಆ್ಯಪ್ ಪೈಥಾನ್‌ನ ವೆಬ್ ಚೌಕಟ್ಟಾದ ಜ್ಯಾಂಗೋದಲ್ಲಿದೆ. ಆಸಿಲೋಸ್ಕೋಪ್ ಯಾರ ಹತ್ತಿರ ಇದೆ, ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿಯೋ ಅಲ್ಲವೋ, ಎಲ್ಲ ಅದರಲ್ಲೇ. ಈ ರಜೆಯಲ್ಲಿ ಅದಕ್ಕೆ ಎಲ್‌ಡ್ಯಾಪ್ ಲಾಗಿನ್ ಸೇರಿಸಿದೆ. ಎಲ್‌ಡ್ಯಾಪ್ ಅಂದರೆ ಕಾಲೇಜಿನ ಎಲ್ಲರ ಖಾತೆಗಳೂ ಒಂದೇ ಕಡೆ ಇರುವ ಪಟ್ಟಿಯನ್ನು, ಅಂದರೆ ಡೈರೆಕ್ಟರಿಯನ್ನು, ವಿಚಾರಿಸುವ ವಿಧಾನ. ವೈಫೈಗೆ ಬಳಸುವ ಹೆಸರು, ಪಾಸ್‌ವರ್ಡ್ ಇನ್ನು ಇಲ್ಲಿಯೂ ನಡೆಯುತ್ತದೆ.

"ಇನ್ನೊಂದು ಪಾಸ್‌ವರ್ಡ್ ನೆನಪಿಟ್ಕೊಳ್ಳೋದು ತಪ್ಪಿತು ಮೇಡಂ" ಅಂತ ಲ್ಯಾಬ್ ಇನ್‌ಸ್ಟ್ರಕ್ಟರ್ ಖುಷಿಪಟ್ಟರು. ನನಗೆ ಮುಖ್ಯವಾಗಿದ್ದದ್ದು ಬೇರೆ. ಸೆಮಿಸ್ಟರ್ ಮುಗಿದ ಮೇಲೆ ಅತಿಥಿ ಉಪನ್ಯಾಸಕರು ಹೋಗುತ್ತಾರೆ, ಪ್ರಾಜೆಕ್ಟ್ ಅಸಿಸ್ಟೆಂಟ್‌ಗಳು ರಿಲೀವ್ ಆಗುತ್ತಾರೆ, ಕೊನೇ ವರ್ಷದವರು ನೋ ಡ್ಯೂ ಮಾಡಿಸಿಕೊಂಡು ಹೊರಡುತ್ತಾರೆ. ಡೈರೆಕ್ಟರಿಯಲ್ಲಿ ಒಮ್ಮೆ ಖಾತೆ ಮುಚ್ಚಿದರೆ ಎಲ್ಲ ಕಡೆಯೂ ಮುಚ್ಚಬೇಕು. ಡೈರೆಕ್ಟರಿ ಇರುವುದೇ ಇದಕ್ಕೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಜೋಡಿಸುವುದು ಕಷ್ಟವೇನಲ್ಲ. ಜ್ಯಾಂಗೋ-ಆತ್-ಎಲ್‌ಡ್ಯಾಪ್ ಪ್ಯಾಕೇಜ್ ಮೊದಲು ತನ್ನ ಸರ್ವಿಸ್ ಖಾತೆಯಿಂದ ಬಳಕೆದಾರರ ಡಿಎನ್ (ಡೈರೆಕ್ಟರಿಯಲ್ಲಿ ಅವರ ಪೂರ್ಣ ವಿಳಾಸ) ಹುಡುಕುತ್ತದೆ, ಆಮೇಲೆ ಆ ಡಿಎನ್ ಮತ್ತು ಟೈಪ್ ಮಾಡಿದ ಪಾಸ್‌ವರ್ಡ್ ಇಟ್ಟು ಬೈಂಡ್ ಮಾಡುತ್ತದೆ, ಅಂದರೆ ಅವರ ಹೆಸರಿನಲ್ಲೇ ಡೈರೆಕ್ಟರಿಗೆ ಲಾಗಿನ್ ಆಗಲು ನೋಡುತ್ತದೆ. ಬೈಂಡ್ ಆದರೆ ಒಳಗೆ. ಪಾಸ್‌ವರ್ಡ್ ನಮ್ಮ ಡೇಟಾಬೇಸ್‌ನಲ್ಲಿ ಎಲ್ಲಿಯೂ ಉಳಿಯುವುದಿಲ್ಲ. ಆದರೆ ಎಲ್‌ಡ್ಯಾಪ್‌ನ ಮಾಮೂಲಿ 389ನೇ ಪೋರ್ಟ್‌ನಲ್ಲಿ, ಸಂಪರ್ಕವನ್ನು ಗೂಢಲಿಪಿಗೆ ತಿರುಗಿಸುವ ಸ್ಟಾರ್ಟ್‌ಟಿಎಲ್‌ಎಸ್ ಇಲ್ಲದೆ ಬೈಂಡ್ ಮಾಡಿದರೆ ಪಾಸ್‌ವರ್ಡ್ ಬಯಲಾಗಿಯೇ ಸಾಗುತ್ತದೆ. ಅದನ್ನು ಮೊದಲೇ ಆನ್ ಮಾಡಿ. ಸರ್ವರ್ ಅಸಲಿಯೇ ಎಂದು ನೋಡುವ ಸರ್ಟಿಫಿಕೇಟ್ ಪರೀಕ್ಷೆಯನ್ನು ಆಫ್ ಮಾಡಿ ಮುಂದಕ್ಕೆ ಹೋಗುವ ಸಲಹೆ ಎಲ್ಲ ಕಡೆ ಸಿಗುತ್ತದೆ, ದಯವಿಟ್ಟು ಕೇಳಬೇಡಿ. ಸ್ವಂತ ಬ್ಯಾಕೆಂಡ್ (ಲಾಗಿನ್ ಪರೀಕ್ಷಿಸುವ ಕೋಡ್) ಬರೆಯುವವರು ಖಾಲಿ ಪಾಸ್‌ವರ್ಡ್ ಬಗ್ಗೆ ಎಚ್ಚರವಾಗಿರಿ: ಹೆಸರಿದ್ದು ಪಾಸ್‌ವರ್ಡ್ ಖಾಲಿಯಿದ್ದರೆ ಕೆಲವು ಸರ್ವರ್‌ಗಳು ಅದನ್ನು ಅನಾಮಿಕ ಬೈಂಡ್ ಎಂದು ತಿಳಿದು "ಸರಿ" ಅನ್ನುತ್ತವೆ. ಈ ಪ್ಯಾಕೇಜ್ ಅದನ್ನು ತಾನೇ ತಡೆಯುತ್ತದೆ.

ಎಲ್ಲ ಕೂಡಿಬಂದ ಮೇಲೆ ಒಂದು ಪರೀಕ್ಷಾ ಖಾತೆಯನ್ನು ಡೈರೆಕ್ಟರಿಯಲ್ಲಿ ಲಾಕ್ ಮಾಡಿ ಬಾಗಿಲು ನಿಜಕ್ಕೂ ಮುಚ್ಚಿತೇ ಎಂದು ನೋಡಿದೆ. ಮುಚ್ಚಿರಲಿಲ್ಲ. ಜ್ಯಾಂಗೋ ತನ್ನ ಬ್ಯಾಕೆಂಡ್‌ಗಳನ್ನು ಒಂದಾದ ಮೇಲೊಂದರಂತೆ ಕೇಳುತ್ತದೆ. ಎಲ್‌ಡ್ಯಾಪ್ "ಇಲ್ಲ" ಅಂದರೆ ಪಟ್ಟಿಯಲ್ಲಿ ಮುಂದಿರುವ, ನಮ್ಮದೇ ಡೇಟಾಬೇಸ್ ನೋಡುವ ಮಾಡೆಲ್‌ಬ್ಯಾಕೆಂಡ್ ಅನ್ನು ಕೇಳುತ್ತದೆ. ಅಲ್ಲಿ ಎಲ್‌ಡ್ಯಾಪ್ ಬರುವ ಮುಂಚಿನ ಪಾಸ್‌ವರ್ಡ್‌ನ ಹ್ಯಾಶ್ (ಮೂಲ ತಿಳಿಯದಂತೆ ಬದಲಿಸಿಟ್ಟ ರೂಪ) ಹಾಗೇ ಕೂತಿತ್ತು, ಹಳೇ ಪಾಸ್‌ವರ್ಡ್ ಸಲೀಸಾಗಿ ಕೆಲಸ ಮಾಡಿತು. ಆದ್ದರಿಂದ ಡೈರೆಕ್ಟರಿಗೆ ಬಂದ ಪ್ರತಿಯೊಬ್ಬರಿಗೂ ಹಳೇ ಪಾಸ್‌ವರ್ಡ್ ನಡೆಯದಂತೆ ಮಾಡುವ ಸೆಟ್-ಅನ್‌ಯೂಸಬಲ್-ಪಾಸ್‌ವರ್ಡ್ ಓಡಿಸಲೇಬೇಕು. ಡೈರೆಕ್ಟರಿ ಸರ್ವರ್ ಬಿದ್ದ ದಿನಕ್ಕೆಂದು ಒಂದೇ ಒಂದು ಸ್ಥಳೀಯ ಅಡ್ಮಿನ್ ಖಾತೆ ಉಳಿಸಿದ್ದೇನೆ. ಅದರ ಪಾಸ್‌ವರ್ಡ್ ಮೊಹರು ಮಾಡಿದ ಲಕೋಟೆಯಲ್ಲಿ ಎಚ್‌ಒಡಿ ಬೀರುವಿನಲ್ಲಿದೆ.

ಇಷ್ಟಾದರೂ ಈಗಾಗಲೇ ಲಾಗಿನ್ ಆಗಿರುವವರ ಸೆಷನ್ (ಬ್ರೌಸರ್‌ನ ಕುಕಿಯ ಮೂಲಕ ನೆನಪಿರುವ ಲಾಗಿನ್) ಉಳಿಯುತ್ತದೆ. ಜ್ಯಾಂಗೋ ಸೆಷನ್ ಕುಕಿಯ ಆಯಸ್ಸು ಡಿಫಾಲ್ಟ್ ಆಗಿ 12,09,600 ಸೆಕೆಂಡು, ಅಂದರೆ ಎರಡು ವಾರ. ಮಾಮೂಲಿ ಜ್ಯಾಂಗೋದಲ್ಲಿ ಪಾಸ್‌ವರ್ಡ್ ಬದಲಾದರೆ ಬೇರೆ ಸೆಷನ್‌ಗಳು ತಾವೇ ಸಾಯುತ್ತವೆ, ಏಕೆಂದರೆ ಪಾಸ್‌ವರ್ಡ್ ಫೀಲ್ಡ್‌ನಿಂದ ಹುಟ್ಟಿದ ಹ್ಯಾಶ್ ಸೆಷನ್‌ನಲ್ಲಿರುತ್ತದೆ. ಡೈರೆಕ್ಟರಿಯಲ್ಲಿ ಪಾಸ್‌ವರ್ಡ್ ಬದಲಾದರೆ ನಮ್ಮ ಫೀಲ್ಡ್‌ಗೆ ಅದರ ಸುಳಿವೂ ಇರುವುದಿಲ್ಲ.

ಇದಕ್ಕೆ ಪರಿಹಾರವಾಗಿ ರಾತ್ರಿ ಓಡುವ ಒಂದು ಸಣ್ಣ ಕಮಾಂಡ್ ಬರೆದೆ. ಅದು ನಮ್ಮ ಟೇಬಲ್‌ನಲ್ಲಿರುವ ಒಬ್ಬೊಬ್ಬರ ಬಗ್ಗೆಯೂ ಡೈರೆಕ್ಟರಿಯನ್ನು ವಿಚಾರಿಸುತ್ತದೆ. ಎಲ್ಲರನ್ನೂ ಒಟ್ಟಿಗೆ ಕೇಳಿದರೆ ನಮ್ಮ ಡೈರೆಕ್ಟರಿ ಸರ್ವರ್ ಆದ ಓಪನ್‌ಎಲ್‌ಡ್ಯಾಪ್ ಡಿಫಾಲ್ಟ್ ಮಿತಿಯಾದ 500 ದಾಖಲೆಗಳಿಗೆ ನಿಲ್ಲಿಸಿಬಿಡುತ್ತದೆ. ಲಾಕ್ ಆದದ್ದು ತಿಳಿಯುವುದು ಪಿಡಬ್ಲ್ಯುಡಿ-ಅಕೌಂಟ್-ಲಾಕ್ಡ್-ಟೈಮ್ ಎಂಬ ಆ್ಯಟ್ರಿಬ್ಯೂಟ್‌ನಿಂದ, ಅಂದರೆ ಖಾತೆಯ ದಾಖಲೆಯಲ್ಲಿನ ಒಂದು ಅಂಶದಿಂದ. ಅದು ಮಾಮೂಲಿ ಹುಡುಕಾಟದಲ್ಲಿ ಬರುವುದಿಲ್ಲ, ಹೆಸರು ಹಿಡಿದೇ ಕೇಳಬೇಕು. ಖಾತೆ ಮುಚ್ಚಿದ್ದರೆ ಎರಡು ಕೆಲಸ: ಖಾತೆ ಚಾಲ್ತಿಯಲ್ಲಿದೆಯೇ ಎಂದು ಹೇಳುವ ಈಸ್-ಆ್ಯಕ್ಟಿವ್ ಅನ್ನು ಫಾಲ್ಸ್ ಮಾಡುವುದು, ಸೆಟ್-ಅನ್‌ಯೂಸಬಲ್-ಪಾಸ್‌ವರ್ಡ್ ಮತ್ತೊಮ್ಮೆ ಕರೆಯುವುದು. ಎರಡನೆಯದು ಪ್ರತಿ ಸಲ ಹೊಸ ರ‍್ಯಾಂಡಮ್ ಅಕ್ಷರಗಳನ್ನು ಫೀಲ್ಡ್‌ಗೆ ತುಂಬುತ್ತದೆ, ಹ್ಯಾಶ್ ಹೊಂದದೆ ಅವರ ಎಲ್ಲ ಸೆಷನ್‌ಗಳೂ ಕಡಿದುಹೋಗುತ್ತವೆ. ಇದು ಹೊಳೆದಾಗ ತುಂಬಾ ಸಂತೋಷವಾಯಿತು. ಮೊದಲನೆಯದು ಎಪಿಐ ಟೋಕನ್‌ಗಳಿಗೆ, ಅಂದರೆ ಬೇರೆ ಪ್ರೋಗ್ರಾಂಗಳು ಪಾಸ್‌ವರ್ಡ್ ಬದಲು ತೋರಿಸುವ ಕೀಲಿಗಳಿಗೆ: ಅವುಗಳನ್ನು ನಿಭಾಯಿಸುವ ಜ್ಯಾಂಗೋ ರೆಸ್ಟ್ ಫ್ರೇಮ್‌ವರ್ಕ್ ಟೋಕನ್ ನೋಡುವಾಗ ಈಸ್-ಆ್ಯಕ್ಟಿವ್ ಅನ್ನೂ ನೋಡುತ್ತದೆ.

"ಖಾತೆ ಮುಚ್ಚಿದೆ" ಬೇರೆ, "ಸರ್ವರ್ ಉತ್ತರಿಸಲಿಲ್ಲ" ಬೇರೆ. ಎರಡನೆಯದಾದರೆ ಕಮಾಂಡ್ ಯಾರನ್ನೂ ಮುಟ್ಟದೆ ನನಗೆ ಮೇಲ್ ಕಳಿಸಿ ನಿಲ್ಲುತ್ತದೆ. ಇಲ್ಲದಿದ್ದರೆ ಸರ್ವರ್ ರೂಮಿನಲ್ಲಿ ಕರೆಂಟ್ ಹೋದ ರಾತ್ರಿಯೇ ಕಾಲೇಜಿನ ಎಲ್ಲರೂ ಹೊರಗೆ.

ಯಾರ ರೆಕಾರ್ಡ್ ಅನ್ನೂ ಡಿಲೀಟ್ ಮಾಡುವುದಿಲ್ಲ. ಯಾವ ಉಪಕರಣ ಯಾರ ಕೈಯಲ್ಲಿತ್ತು ಎಂಬ ದಾಖಲೆ ಸ್ಟಾಕ್ ವೆರಿಫಿಕೇಶನ್‌ಗೆ ಬೇಕು. ಜೊತೆಗೆ ಈ ಸೆಮಿಸ್ಟರ್ ಹೋದ ಅತಿಥಿ ಉಪನ್ಯಾಸಕರೇ ಮುಂದಿನ ಸೆಮಿಸ್ಟರ್ ಮತ್ತೆ ಬರುವುದು ನಮ್ಮಲ್ಲಿ ಮಾಮೂಲು. ಆಫೀಸಿನವರು ಲಾಕ್ ತೆಗೆದರೆ ಸಾಕು, ಅದೇ ಕಮಾಂಡ್ ಆ ರಾತ್ರಿ ಈಸ್-ಆ್ಯಕ್ಟಿವ್ ಅನ್ನು ಮತ್ತೆ ಟ್ರೂ ಮಾಡುತ್ತದೆ.