ಊರು ಬರೆಯದವನ ಪುಸ್ತಕ

ಪುಸ್ತಕ ನನ್ನ ಕೈಯಿಂದ ಜಾರಿ ಬಿತ್ತು. ಜೆರುಸಲೇಮಿನ ಮೇಆ ಶೆಆರಿಮ್ ಕೇರಿಯಲ್ಲಿ ಬೋರ್ಡು ಕೂಡ ಇಲ್ಲದ ನೆಲಮಾಳಿಗೆಯ ಅಂಗಡಿ ಅದು. ಏಣಿಯ ಮೇಲಿದ್ದ ಮುದುಕ ಅಂಗಡಿಯವನು ತಿರುಗಿ ನೋಡಿದ. ನಾನು ಗಾಬರಿಯಲ್ಲಿ ಪುಸ್ತಕ ಎತ್ತಿ, ಅಭ್ಯಾಸಬಲದಿಂದ ಕಣ್ಣಿಗೊತ್ತಿಕೊಂಡೆ. ಚಿಕ್ಕಂದಿನಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಅಜ್ಜಿ ಹಾಗೆ ಮಾಡಿಸುತ್ತಿದ್ದಳು. ಅಲ್ಲಿಯವರೆಗೆ ನನ್ನ ಕಡೆ ಮುಖ ಕೊಡದಿದ್ದ ಮುದುಕ ಏಣಿ ಇಳಿದು ಬಂದು, ಮಾತಿಲ್ಲದೆ ಒಂದು ಸ್ಟೂಲು ಎಳೆದುಕೊಟ್ಟ. ಯಹೂದಿಗಳಲ್ಲಿ ಬಿದ್ದ ಗ್ರಂಥವನ್ನು ಎತ್ತಿ ಮುತ್ತಿಡುತ್ತಾರಂತೆ. ಗೆಳೆಯ ಆಮೇಲೆ ಹೇಳಿದ.

2023ರ ಮೇ ತಿಂಗಳು. ಆಫೀಸಿನ ಕೆಲಸ ಇದ್ದದ್ದು ವಾರ್ಸಾದಲ್ಲಿ. ಅದಕ್ಕೆ ಮೊದಲು ಮೂರು ದಿನ ರಜೆ ಹಾಕಿ ಜೆರುಸಲೇಮಿಗೆ ಹೋಗಿದ್ದೆ, ಹಿಂದೆ ನನ್ನ ಜೊತೆ ಕೆಲಸ ಮಾಡಿದ್ದ ಗೆಳೆಯನ ಮನೆಗೆ. ಅವನಿಗೆ ಹಳೆಯ ಹಸೀದಿ ಪುಸ್ತಕಗಳ ಹುಚ್ಚು. ಅದಕ್ಕಿಂತ ದೊಡ್ಡ ಹುಚ್ಚು, ಆ ಪುಸ್ತಕಗಳನ್ನು ಮೊದಲು ಇಟ್ಟುಕೊಂಡಿದ್ದವರು ಯಾರೆಂದು ಹುಡುಕುವುದು. "ನಾಳೆ ತುಂಬುತೋಳಿನ ಅಂಗಿ ಹಾಕ್ಕೊ, ತಲೆ ಮೇಲೆ ಏನಾದರೂ ಇರಲಿ" ಎಂದಷ್ಟೇ ಹೇಳಿ ಮರುದಿನ ಬೆಳಿಗ್ಗೆ ಟ್ರಾಮ್ ಹತ್ತಿಸಿದ.

ಹಸೀದಿ ಎಂಬುದು ಯಹೂದಿಗಳ ಒಂದು ಭಕ್ತಿಪಂಥ, 18ನೇ ಶತಮಾನದಲ್ಲಿ ಇಂದಿನ ಉಕ್ರೇನಿನ ಹಳ್ಳಿ-ಪೇಟೆಗಳಲ್ಲಿ ಹುಟ್ಟಿದ್ದು. ಮೂಲಪುರುಷ ಬಾಲ್ ಶೆಮ್ ತೋವ್ 1760ರಲ್ಲಿ ತೀರಿಕೊಂಡಾಗ ಒಂದು ಪುಸ್ತಕವನ್ನೂ ಬರೆದಿಟ್ಟಿರಲಿಲ್ಲ. ಆತನ ಮಾತುಗಳನ್ನು ಹೊತ್ತ ಮೊದಲ ಹಸೀದಿ ಪುಸ್ತಕ ಅಚ್ಚಾದದ್ದು 1780ರಲ್ಲಿ, ಕೊರೆತ್ಸ್ ಎಂಬ ಊರಿನಲ್ಲಿ. 1788ರಲ್ಲಿ ಲ್ವೀವ್‌ನಲ್ಲಿ ಬಂದ 'ನೋಅಮ್ ಎಲಿಮೆಲೆಖ್' ಪುಸ್ತಕವನ್ನು ಹೆರಿಗೆ ನೋವು ತಿನ್ನುವ ಹೆಂಗಸಿನ ದಿಂಬಿನಡಿ ಇಡುವ ರೂಢಿ ಇಂದಿಗೂ ಇದೆ. ಇಂಥವುಗಳ ಮೊದಲ ಮುದ್ರಣ ಸಂಬಳದವನ ಕೈಗೆಟುಕುವ ಮಾತಲ್ಲ. ಯಾವನೋ ದೊಡ್ಡ ಗುರು ಮುಟ್ಟಿ ಓದಿದ ಪ್ರತಿ ಎಂದರೆ ಬೆಲೆ ಇನ್ನೂ ಏರುತ್ತದೆ. ಹಾಗಾಗಿ ಗುರುಗಳ ಕಳ್ಳ ಸಹಿಗಳೂ ಹುಟ್ಟಿಕೊಂಡಿವೆ. "ನನಗೆ ಗುರುಗಳು ಬೇಡ," ಅಂದ ಗೆಳೆಯ. "ದರ್ಜಿ, ಗಾಡಿಯವನು, ಉಪ್ಪು ಮಾರುವವನು ಓದಿದ ಪುಸ್ತಕ ಕೊಡು, ಸಾಕು."

ನನ್ನ ಕೈಯಿಂದ ಬಿದ್ದದ್ದು 'ತಾನ್ಯಾ' ಎಂಬ ಹಸೀದಿ ಗ್ರಂಥ, ವಿಲ್ನಾದ ರೊಮ್ ಅಚ್ಚುಕೂಟದ್ದು, ಕಳೆದ ಶತಮಾನದ ಆರಂಭದ ಸಾಧಾರಣ ಪ್ರತಿ. 1796ರಲ್ಲಿ ಸ್ಲಾವುತಾದಲ್ಲಿ ಮೊದಲು ಅಚ್ಚಾದಾಗ ಇದರಲ್ಲಿ ಲೇಖಕನ ಹೆಸರೇ ಇರಲಿಲ್ಲ. ಬೀಳಿಸಿದ ತಪ್ಪಿಗೆ ಅದನ್ನೇ ಕೊಂಡೆ. ಮುದುಕ ಎಂಬತ್ತು ಶೆಕೆಲ್ ಅಂದ, ಗೆಳೆಯ ಯಹೂದಿಗಳ ಆಡುಮಾತಾದ ಯಿದ್ದಿಷ್‌ನಲ್ಲಿ ಐದು ನಿಮಿಷ ಜಗಳವಾಡಿದ, ಅರವತ್ತಕ್ಕೆ ಇಳಿಯಿತು.

ಸ್ಲಾವುತಾದ ಕತೆ ಕೇಳಿದ್ದು ಅವತ್ತು ರಾತ್ರಿ, ಅವನ ಮನೆಯ ಊಟದ ಮೇಜಿನಲ್ಲಿ. ಅಲ್ಲಿನ ಶಾಪಿರಾ ಕುಟುಂಬದ ಅಚ್ಚುಮೊಳೆಗಳನ್ನು ಪುಣ್ಯಸ್ನಾನದ ಕೊಳದಲ್ಲಿ ಮುಳುಗಿಸಿಯೇ ಬಳಸುತ್ತಿದ್ದರು ಎಂದು ಹಸೀದಿಗಳು ನಂಬುತ್ತಾರೆ. 1835ರಲ್ಲಿ ಆ ಅಚ್ಚುಕೂಟದ ಬೈಂಡಿಂಗ್ ಕೆಲಸಗಾರನೊಬ್ಬ ನೇಣಿನಲ್ಲಿ ಸಿಕ್ಕಿದ. ಆರೋಪ ಯಜಮಾನರಾದ ಇಬ್ಬರು ಅಣ್ಣತಮ್ಮಂದಿರ ತಲೆಗೆ ಬಂತು. ಎರಡೂ ಬದಿ ಬೆತ್ತ ಹಿಡಿದು ನಿಂತ ಸೈನಿಕರ ನಡುವೆ ನಡೆಸುವ ಶಿಕ್ಷೆಯಾಯಿತು. ನಡುದಾರಿಯಲ್ಲಿ ಒಬ್ಬನ ತಲೆಯ ಟೋಪಿ ಬಿತ್ತಂತೆ. ಬರಿತಲೆಯಲ್ಲಿ ಮುಂದೆ ಹೋಗಲಾರೆನೆಂದು ಏಟು ತಿನ್ನುತ್ತಲೇ ಹಿಂದಿರುಗಿ ಎತ್ತಿಕೊಂಡನಂತೆ. 1836ರಲ್ಲಿ ರಷ್ಯಾ ಸರ್ಕಾರ ತನ್ನ ಸಾಮ್ರಾಜ್ಯದ ಯಹೂದಿ ಅಚ್ಚುಕೂಟಗಳನ್ನು ಬೆರಳೆಣಿಕೆಯವನ್ನು ಬಿಟ್ಟು ಮುಚ್ಚಿಸಿತು. ಶಾಪಿರಾ ಮನೆತನದ ಮುಂದಿನ ತಲೆಮಾರು 1847ರಲ್ಲಿ ಝಿತೋಮಿರ್‌ನಲ್ಲಿ ಮತ್ತೆ ಕೆಲಸ ಹಚ್ಚಿತು.

ಸೆನ್ಸಾರಿನ ಕಣ್ಣು ತಪ್ಪಿಸಲು ಸುಳ್ಳು ಊರು, ಸುಳ್ಳು ವರ್ಷ ಹಾಕಿ ಅಚ್ಚು ಹಾಕಿದ್ದೂ ಉಂಟು. ಗೆಳೆಯ ಒಂದು ನೀಲಿಛಾಯೆಯ ಹಾಳೆಯನ್ನು ದೀಪಕ್ಕೆ ಹಿಡಿದು ತೋರಿಸಿದ. ಒಳಗಿನ ನೀರುಗುರುತಿನಲ್ಲಿ ಕಾಗದ ತಯಾರಾದ ವರ್ಷ ಮಸುಕಾಗಿ ಕಂಡಿತು. ಮುಖಪುಟ ಹೇಳುವುದಕ್ಕಿಂತ ಹತ್ತು ವರ್ಷ ಈಚಿನದು! ನಿಜವಾದ ವರ್ಷವನ್ನೂ ಅವರು ನೇರವಾಗಿ ಅಂಕಿಯಲ್ಲಿ ಬರೆಯುವುದು ಕಡಿಮೆ. ಬೈಬಲಿನ ಒಂದು ಸಾಲು ಕೊಟ್ಟು, ಅದರಲ್ಲಿ ಕೆಲವು ಅಕ್ಷರಗಳನ್ನು ದಪ್ಪ ಮಾಡುತ್ತಾರೆ. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಅಂಕಿಯ ಬೆಲೆ, ಅವನ್ನು ಕೂಡಿಸಿಕೊಳ್ಳಬೇಕು. ನಮ್ಮ ಕಟಪಯಾದಿಯ ದಾಯಾದಿ ಎನ್ನಿ. ನಾನು ಕೂಡಿಸಿದಾಗೆಲ್ಲ ಬೇರೆ ಬೇರೆ ವರ್ಷ ಬಂತು.

ಕೊನೆಗೆ ಅವನು ಬಟ್ಟೆ ಬಿಚ್ಚಿ ಹೊರತೆಗೆದದ್ದು 1863ರಲ್ಲಿ ಝಿತೋಮಿರ್‌ನಲ್ಲಿ ಅಚ್ಚಾದ, ಯಹೂದಿ ಅನುಭಾವದ ಗ್ರಂಥ ಜೋಹರ್‌ನ ಒಂದು ಸಂಪುಟ. ಪುಟಗಳ ಮೇಲೆ ಮೇಣ ಬಿದ್ದ ಕಲೆ, ನಶ್ಯದ ಕಂದು ಪುಡಿ, ಹುಳ ಕೊರೆದ ತೂತು. ಮೊದಲ ಖಾಲಿ ಹಾಳೆಯ ತುಂಬ ಕೈಬರಹ. ಮೇಲಿನ ಸಾಲು ಬೈಬಲಿನ ಕೀರ್ತನೆಯದು: ಭೂಮಿಯೂ ಅದರಲ್ಲಿರುವುದೆಲ್ಲವೂ ದೇವರದು. ಆ ಒಪ್ಪಿಗೆ ಆದಮೇಲೆ, ಆದರೂ ಈ ಪುಸ್ತಕ ನನ್ನದು ಎಂಬ ಸಾಲು! ಹೀಗೆ ಬರೆಯುವುದು ಆ ಕಾಲದ ಪದ್ಧತಿ. ಇನ್ನೊಂದು ಒಕ್ಕಣೆಯೂ ಬಳಕೆಯಲ್ಲಿತ್ತು: ಮನುಷ್ಯ ತನ್ನ ಪುಸ್ತಕದ ಮೇಲೆ ಹೆಸರು ಬರೆದಿಡಬೇಕು, ಬೀದಿಯಿಂದ ಬಂದ ಯಾವನಾದರೂ ನನ್ನದು ಅಂದುಬಿಟ್ಟಾನು. ಕೆಳಗೆ ಸಹಿ. ಸಹಿಗೆ ಮುಂಚೆ 'ಅಲ್ಪನಾದ' ಎಂಬ ವಿನಯದ ಮಾತು.

ತೊಡಕು ಇಲ್ಲೇ. ಅವನ ಹೆಸರಿದೆ, ತಂದೆಯ ಹೆಸರಿದೆ. ಮನೆತನದ ಹೆಸರಿಲ್ಲ, ಊರಿಲ್ಲ. ರಾಮಪ್ಪನ ಮಗ ಕೃಷ್ಣಪ್ಪ ಎಂದು ಬರೆದಿಟ್ಟು ಹೋದರೆ ಯಾವ ತಾಲ್ಲೂಕಿನಲ್ಲಿ ಹುಡುಕುವುದು? ಅದರ ಕೆಳಗೆ ಯಾವುದೋ ಮಗು ಅಕ್ಷರ ತಿದ್ದಿದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ತಾರೀಕು, ಒಂದು ಹೆಣ್ಣುಮಗು ಹುಟ್ಟಿದ್ದು, ಅದೇ ಮಗು ಸತ್ತದ್ದು. ನಡುವೆ ಹತ್ತೊಂಬತ್ತು ದಿನ.

ಹಾಳೆ ಮಗುಚಿದರೆ ನೇರಳೆ ಮುದ್ರೆ. ಗೆಳೆಯ ಓದಿ ಹೇಳಿದ, ಯೆಶಿವತ್ ಹಖ್ಮೇ ಲುಬ್ಲಿನ್. ಪೋಲೆಂಡಿನ ಲುಬ್ಲಿನ್‌ನಲ್ಲಿ 1930ರಲ್ಲಿ ತೆರೆದ ಹೆಸರಾಂತ ಪಾಠಶಾಲೆ. ನಾಜಿಗಳು ಅದರ ಗ್ರಂಥಭಂಡಾರವನ್ನು ಸುಟ್ಟರು, ಬೆಂಕಿ ಇಪ್ಪತ್ತು ಗಂಟೆ ಉರಿಯಿತು ಎಂಬ ಮಾತು ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ಓಡಾಡಿದೆ. ಪೂರ್ತಿ ಉರಿದಿದ್ದರೆ ಇದು ನನ್ನ ತೊಡೆಯ ಮೇಲೆ ಇರುತ್ತಿರಲಿಲ್ಲ.

ಜೆರುಸಲೇಮಿಗೆ ಇದು ಹೇಗೆ ಬಂತು? ಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಫ್ರಾಂಕ್‌ಫರ್ಟ್ ಪಕ್ಕದ ಒಫನ್‌ಬಾಕ್‌ನಲ್ಲಿ ದೊಡ್ಡ ಉಗ್ರಾಣ ಮಾಡಿ, ನಾಜಿಗಳು ದೋಚಿದ್ದ ಮೂವತ್ತು ಲಕ್ಷಕ್ಕೂ ಹೆಚ್ಚು ಪುಸ್ತಕ, ಕಾಗದಪತ್ರಗಳನ್ನು ಅಲ್ಲಿ ವಿಂಗಡಿಸಿತು. ಹೀಬ್ರೂ ಬಾರದ ಕೆಲಸಗಾರರು ಮುದ್ರೆಗಳ ಫೋಟೋ ನೋಡಿ, ಆಕಾರ ಹೊಂದಿಸಿ ರಾಶಿ ಹಾಕುತ್ತಿದ್ದರು. ವಾರಸುದಾರರೇ ಉಳಿಯದವುಗಳಲ್ಲಿ ಬಹಳಷ್ಟು ಇಲ್ಲಿಗೂ ಅಮೆರಿಕಕ್ಕೂ ಹೋದವು. ಈ ಸಂಪುಟ ಆ ದಾರಿಯಲ್ಲೇ ಬಂತು ಎನ್ನಲು ಗೆಳೆಯನ ಬಳಿ ಪುರಾವೆ ಇಲ್ಲ. ಅವನು ಕೊಂಡಾಗ ಮುದ್ರೆಯ ಮೇಲೆ ಒಂದು ಕಾಗದದ ಚೂರು ಅಂಟಿಸಿತ್ತಂತೆ. ಇದು ಮಾರುವವರ ಹಳೆಯ ಚಾಳಿ, ಕೆಲವರು ಆ ಹಾಳೆಯನ್ನೇ ಕತ್ತರಿಸಿಬಿಡುತ್ತಾರೆ. ಹಬೆ ಹಿಡಿದು ಚೂರು ಬಿಡಿಸುವಾಗ ಅವನ ಹೆಂಡತಿಯ ಹೊಸ ಕುಕ್ಕರು ಸುಟ್ಟದ್ದು ಬೇರೆ ಕತೆ.

"ಹಾಗಾದರೆ ಇದು ಈಗ ಯಾರದು?" ಎಂದೆ. ಅವನು ಉತ್ತರದ ಬದಲು ನ್ಯೂಯಾರ್ಕಿನ ಒಂದು ಮೊಕದ್ದಮೆ ಹೇಳಿದ. ಲುಬಾವಿಚ್ ಹಸೀದಿಗಳ ಹಿಂದಿನ ಗುರುವಿನ ಮೊಮ್ಮಗ ತಾತನ ಪುಸ್ತಕ ಎಂದು ಗ್ರಂಥಭಂಡಾರದಿಂದ ತೆಗೆದು ಮಾರತೊಡಗಿದ್ದ. ಅವು ತಾತನದಲ್ಲ, ಸಮುದಾಯದ್ದು ಎಂದು 1987ರ ಜನವರಿಯಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಆ ತಿಥಿ ಅವರಿಗೆ ಇವತ್ತಿಗೂ ಹಬ್ಬ, ಅಂದು ಪುಸ್ತಕ ಕೊಳ್ಳುತ್ತಾರೆ. "ಸಮುದಾಯ ಜೀವಂತ ಇದ್ದರೆ ತೀರ್ಪು ಸುಲಭ," ಅಂದ. ನನ್ನ ಫೋನಿಗೆ ಎರಡೂ ಪುಟಗಳ ಚಿತ್ರ ಕಳಿಸಿ, "ಲುಬ್ಲಿನ್ ವಾರ್ಸಾದಿಂದ ಎರಡು ಗಂಟೆಯ ದಾರಿ" ಎಂದ. ಕರೆಸಿಕೊಂಡದ್ದೇ ಇದಕ್ಕೆ ಇರಬೇಕು.

ವಾರ್ಸಾದ ಕೆಲಸದ ಬಗ್ಗೆ ಹೇಳುವಂಥದ್ದೇನಿಲ್ಲ. ಶನಿವಾರ ರೈಲು ಹತ್ತಿದೆ.

ಲುಬರ್ತೊವ್‌ಸ್ಕಾ ರಸ್ತೆಯ ಆ ಹಳದಿ ಕಟ್ಟಡ ನಮ್ಮೂರ ಹಳೆಯ ಸರ್ಕಾರಿ ಕಾಲೇಜುಗಳಂತೆ ಗಂಭೀರವಾಗಿದೆ. ಯುದ್ಧದ ನಂತರ ಬಹಳ ಕಾಲ ವೈದ್ಯಕೀಯ ಶಿಕ್ಷಣಕ್ಕೆ ಬಳಕೆಯಾಗಿ, 2003ರಲ್ಲಿ ಯಹೂದಿ ಸಮುದಾಯಕ್ಕೆ ಮರಳಿತು. ಈಗ ಒಂದು ಭಾಗ ಹೋಟೆಲು, ಒಂದು ಭಾಗ ಪ್ರಾರ್ಥನಾಮಂದಿರ. ಇದನ್ನು ಕಟ್ಟಿಸಿದ ರಬ್ಬಿ ಮೆಯಿರ್ ಶಾಪಿರೊ 1933ರಲ್ಲಿ ತೀರಿಕೊಂಡಾಗ ವಯಸ್ಸು ಬರೀ ನಲವತ್ತಾರು. ಪ್ರಪಂಚದ ಯಹೂದಿಗಳೆಲ್ಲ ತಮ್ಮ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್‌ನ ದಿನಕ್ಕೊಂದು ಹಾಳೆ, ಒಂದೇ ದಿನ ಒಂದೇ ಹಾಳೆ ಓದುವ ಕ್ರಮ ಹಾಕಿಕೊಟ್ಟವನೂ ಆತನೇ. ಅದು ಇಂದಿಗೂ ನಡೆದಿದೆ. ನಾನು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಆ ನೇರಳೆ ಮುದ್ರೆ ನೋಡಿದೆ. ಕೈಯಲ್ಲಿ ಪುಸ್ತಕವೇ ಇದ್ದಿದ್ದರೆ ಎನಿಸಿತು.

ಸಂಜೆ ಗ್ರೋದ್ಸ್ಕಾ ದ್ವಾರಕ್ಕೆ ಹೋದೆ. ಹಿಂದೆ ಕ್ರೈಸ್ತರ ಊರಿಗೂ ಯಹೂದಿಗಳ ಊರಿಗೂ ನಡುವಿನ ಬಾಗಿಲು. ಈಗ ದ್ವಾರ ದಾಟಿದರೆ ಆ ಕಡೆ ಊರಿಲ್ಲ. ಹುಲ್ಲು, ಪಾರ್ಕಿಂಗ್ ಜಾಗ, ಕೋಟೆ. ಅಳಿದ ಕೇರಿಯ ನೆನಪಿಗೆ ಒಂದು ಬೀದಿದೀಪವನ್ನು ಹಗಲೂ ಆರಿಸದೆ ಇಟ್ಟಿದ್ದಾರೆ. ದ್ವಾರದ ಮೇಲಿನ ಕೊಠಡಿಗಳಲ್ಲಿ ಒಂದು ಸಾಂಸ್ಕೃತಿಕ ಕೇಂದ್ರ. ಗೋಡೆಯುದ್ದಕ್ಕೂ ಫೈಲುಗಳು. ಯುದ್ಧಕ್ಕೆ ಮುಂಚೆ ಇಲ್ಲಿದ್ದ ಯಹೂದಿಗಳಿಗೆ ತಲೆಗೊಂದರಂತೆ 43,000. ಎಷ್ಟೋ ಫೈಲುಗಳು ಖಾಲಿ. ಚದುರಿಹೋದ ಪಾಠಶಾಲೆಯ ಪುಸ್ತಕಗಳನ್ನು ದೇಶದೇಶಗಳಲ್ಲಿ ಪತ್ತೆಮಾಡಿ ಪಟ್ಟಿ ಮಾಡುವ ಕೆಲಸವೂ ಇಲ್ಲೇ ನಡೆದಿದೆ. ಅಲ್ಲಿದ್ದ ಹುಡುಗಿಗೆ ಚಿತ್ರ ತೋರಿಸಿದೆ. ಮುದ್ರೆ ಕಂಡು ಅವಳ ಮುಖ ಅರಳಿತು. ಹಿಂದಿನ ಪುಟ ತೋರಿಸಿದೆ. ಹೆಸರು ಓದಿ, "ಯಾವ ಊರಿನವನು?" ಎಂದಳು. ಬರೆದಿಲ್ಲ ಎಂದೆ. ಪಾಠಶಾಲೆಗೆ ಯಾರೋ ದಾನ ಕೊಟ್ಟ ಪುಸ್ತಕವಿರಬಹುದು, ಇವನು ಲುಬ್ಲಿನ್‌ಗೆ ಬಂದವನೇ ಅಲ್ಲದಿರಬಹುದು ಎಂದಳು. ಚಿತ್ರಗಳನ್ನು ಗೆಳೆಯನ ಹೆಸರಿನಲ್ಲಿ ಅವಳಿಗೆ ಕಳಿಸಿದೆ.

ರಾತ್ರಿ ಕೋಣೆಯಲ್ಲಿ ಬ್ಯಾಗಿನಿಂದ ನನ್ನ ಅರವತ್ತು ಶೆಕೆಲ್‌ನ ತಾನ್ಯಾ ತೆಗೆದೆ. ಒಳರಟ್ಟಿನಲ್ಲಿ ಹೀಬ್ರೂವಿನಲ್ಲಿ ಒಂದು ಸಹಿ, ಕೆಳಗೆ ಇನ್ನಾವುದೋ ಕೈಯ ರಷ್ಯನ್ ಅಕ್ಷರ. ಎರಡಕ್ಕೂ ಊರಿಲ್ಲ. ಹೋಟೆಲಿನ ಪೆನ್ಸಿಲಿನಿಂದ ಅದರ ಕೆಳಗೆ ಕನ್ನಡದಲ್ಲಿ ನನ್ನ ಹೆಸರು ಬರೆದೆ, ಅಪ್ಪನ ಹೆಸರು, ತಾರೀಕು. ಆಮೇಲೆ ಊರು: ಸಾಗರ. ಸ್ವಲ್ಪ ಹೊತ್ತು ನೋಡಿ, ಶಿವಮೊಗ್ಗ ಜಿಲ್ಲೆ ಎಂದೂ ಸೇರಿಸಿದೆ. ಇಲ್ಲದಿದ್ದರೆ ಮುಂದೆ ಯಾರೋ ನಿಘಂಟು ಹಿಡಿದು ಕೂತು, ಪಾಪ, ಸಮುದ್ರದಲ್ಲಿ ಹುಡುಕಿಯಾರು.